ಜೆಸ್ಸಿಗೆ ಮೀಸಲಾದ ಮೇಜು

ಫೆಬ್ರವರಿ 9, 1903, ಸೋಮವಾರ

ಗೆದ್ದೆ. ಬರೆಯದೆ ಇರಲಾರೆ. ತಾಂಪಾ ಊರಿನ ಈಬೋರ್ ಪೇಟೆಯ ಈ ಚುಟ್ಟಾ ಕಾರ್ಖಾನೆಗೆ ಇಂದಿನಿಂದ ನಾನೇ ಲೆಕ್ತೋರ್. ಚುಟ್ಟಾ ಸುತ್ತುವವರ ಕೈಗೆ ಕೆಲಸವಿದೆ, ಕಿವಿಗೆ ಇಲ್ಲ. ಆ ಕಿವಿಗಳಿಗೆ ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ ಓದಿ ಹಾಕುವವನು ಲೆಕ್ತೋರ್. ಮಾಲೀಕನಿಗೂ ನನಗೂ ಸಂಬಂಧವಿಲ್ಲ. ಕೆಲಸಗಾರರೇ ಆರಿಸುತ್ತಾರೆ, ಕೆಲಸಗಾರರೇ ಸಂಬಳ ಕೊಡುತ್ತಾರೆ, ಬೇಡವೆನಿಸಿದರೆ ಅವರೇ ಇಳಿಸುತ್ತಾರೆ. ಸದ್ಯಕ್ಕೆ ನನ್ನನ್ನು ಒಂದು ಕಾದಂಬರಿಯ ಮಟ್ಟಿಗೆ ಇಟ್ಟುಕೊಂಡಿದ್ದಾರೆ. ಅದು ಮುಗಿದ ದಿನ ಮತ ಹಾಕಿ ಇರಬೇಕೋ ಹೋಗಬೇಕೋ ಹೇಳುತ್ತಾರೆ. ಹುಡುಗನಾಗಿದ್ದಾಗ ಸಮುದ್ರದಾಚೆಯ ನನ್ನ ಊರು ಮಾತಾನ್ಸಾಸ್‌ನಲ್ಲಿ ಲೆಕ್ತೋರ್ ಒಬ್ಬರು ಓದುವುದನ್ನು ಕಿಟಕಿಯಾಚೆ ನಿಂತು ಕೇಳಿದಾಗಿನಿಂದ ಈ ಓದುವ ಪೀಠವೊಂದನ್ನು ಬಿಟ್ಟು ನಾನು ಬೇರೇನನ್ನೂ ಬಯಸಿದವನಲ್ಲ.

ಯಾವ ಪುಸ್ತಕ ಎಂದು ಓದುವ ಸಮಿತಿಯ ಅಧ್ಯಕ್ಷ ದೋನ್ ಬೊನಿಫಾಸಿಯೊ ಕೇಳಿದರು. ಎಪ್ಪತ್ತರ ಮುದುಕ, ಮೀಸೆ ಮಾತ್ರ ಇನ್ನೂ ಮದುವೆಗೆ ಹೊರಟಂತಿದೆ. ನಾನು ‘ಕಲ್ಲಿದ್ದಲ ಓಣಿ’ ಎಂದೆ. ಶಿಕಾಗೊದ ಹೊಚ್ಚ ಹೊಸ ಕಾದಂಬರಿ. ಇಂಗ್ಲಿಷಿನಲ್ಲಿದೆ, ಓದುತ್ತ ಓದುತ್ತಲೇ ನಾನು ಸ್ಪ್ಯಾನಿಷಿಗೆ ತಿರುಗಿಸುತ್ತೇನೆ. ಪೀಠದ ಮೇಲೆ ನಿಂತು ಭಾಷಣವನ್ನೇ ಬಿಗಿದೆ. “ಮಹಾಜನರೇ, ಇದು ವಾಸ್ತವ. ಇದರಲ್ಲಿ ಒಂದಕ್ಷರವೂ ಕಟ್ಟುಕತೆಯಲ್ಲ. ಜೆಸ್ಸಿ ಎಂಬ ಒಳ್ಳೆಯ ಹುಡುಗಿ ಹೇಗೆ ಹಾಳಾಗುತ್ತಾಳೆ ಎಂಬುದು ಇದರ ವಿಷಯ. ತಪ್ಪು ಅವಳದಲ್ಲ. ಅವಳು ಬೆಳೆದ ಓಣಿಯದು, ಅಲ್ಲಿಯ ಹೊಗೆಯದು, ಕುಡುಕ ತಂದೆಯದು. ಮನುಷ್ಯ ಹಸಿ ಮಣ್ಣು, ಅವನ ಸುತ್ತಲ ಜಗತ್ತೇ ಕುಂಬಾರ.”

ಯಾರೋ ಆಕಳಿಸಿದರು. ಇರಲಿ. ಮೂಲದ ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲವೆಂದು ಈ ಪುಟದ ಮೇಲೆ ಆಣೆ ಇಡುತ್ತಿದ್ದೇನೆ.

ಫೆಬ್ರವರಿ 11

ಗಂಟಲು ಹೋಯಿತು. ತಂಬಾಕಿನ ಧೂಳು, ಚುಟ್ಟಾ ಹೊಗೆ, ಮೇಲಿಂದ ಸೆಕೆ. ಅಂಗಿಗೆ ಬೇರೆಯಾಗಿ ಸಿಕ್ಕಿಸುವ, ಗಂಜಿ ಹಾಕಿದ ಕಾಲರು ಮಧ್ಯಾಹ್ನದೊಳಗೆ ಒದ್ದೆ ಬಟ್ಟೆಯಾಗುತ್ತದೆ. ಒಂದು ಕಿಟಕಿಯನ್ನಾದರೂ ತೆಗೆಸಿ ಎಂದೆ. ಇಡೀ ಕೋಣೆ ತಲೆಯೆತ್ತಿ ನನ್ನನ್ನು ನೋಡಿತು.

“ಗಾಳಿ ಬಂದ್ರೆ ಎಲೆ ಒಣಗಿ ಹಪ್ಪಳ ಆಗ್ತದೆ ಮಗಾ,” ಎಂದಳು ಮುಂದಿನ ಸಾಲಿನ ಕಾಂದಿದಮ್ಮ. ದಪ್ಪನೆ ಹೆಂಗಸು, ಬಾಯಲ್ಲಿ ಸದಾ ಅರ್ಧ ಚುಟ್ಟಾ. “ನೀನು ಒಣಗಿದ್ರೆ ನೀರು ಕುಡಿ, ಸರಿ ಹೋಗ್ತೀಯ.”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಪರಿಸರ ಇವರನ್ನು ಹೇಗೆ ರೂಪಿಸಿಬಿಟ್ಟಿದೆ ಎಂಬುದು ನನ್ನಂಥ ಹೊರಗಿನವನಿಗೇ ಕಾಣುವುದು. ಮಾತೆಂದರೆ ಕಿರುಚಾಟ, ಗಾಳಿಯೆಂದರೆ ಶತ್ರು, ಭಾನುವಾರವೆಂದರೆ ಕೋಳಿ ಅಂಕ. ಕೋಳಿ ಅಂಕ ನೋಡುವವನ ಮನಸ್ಸಿನಲ್ಲಿ ಏನಿರುತ್ತದೋ ನಾನರಿಯೆ, ಅರಿಯುವ ಆಸೆಯೂ ಇಲ್ಲ.

ಫೆಬ್ರವರಿ 16

ಇಲ್ಲಿಯ ಪದ್ಧತಿ ಇದು. ಓದಿದ್ದು ಮೆಚ್ಚುಗೆಯಾದರೆ ಎಲೆ ಕತ್ತರಿಸುವ ಬಾಗಿದ ಕತ್ತಿಯನ್ನು ಹಲಗೆಯ ಮೇಲೆ ಟಕಟಕ ಬಡಿಯುತ್ತಾರೆ. ಮೆಚ್ಚದಿದ್ದರೆ ಕತ್ತಿಯನ್ನು ನೆಲಕ್ಕೆ ಬೀಳಿಸುತ್ತಾರೆ. ಇಂದು ಮೂರನೆಯ ಸಾಲಿನಿಂದ ಒಂದು ಕತ್ತಿ ಬಿತ್ತು.

ಬೀಳಿಸಿದವಳ ಹೆಸರು ಸೊಕೊರ್ರೊ. ಚುರುಕು ಕಣ್ಣಿನ ಹುಡುಗಿ, ಮಿಷನ್ ಶಾಲೆಯಲ್ಲಿ ಕಲಿತವಳಂತೆ. ಊಟದ ಬಿಡುವಿನಲ್ಲಿ ಕಾರಣ ಕೇಳಲು ಹೋದೆ. ಘನತೆಯಿಂದಲೇ ಕೇಳಿದೆ.

“ಓಣಿ ಕೊಳಕು, ಅದಕ್ಕೆ ಹುಡುಗಿ ಕೊಳಕಾಗ್ಲೇಬೇಕು ಅಂತ ಬರ್ದಿದ್ದಾನಲ್ಲ ನಿಮ್ಮ ಲೇಖಕ, ಅವ್ನು ಒಂದು ದಿನಾನಾದ್ರೂ ಓಣಿಲಿ ಇದ್ನಾ?”

“ವೈಜ್ಞಾನಿಕವಾಗಿ ನೋಡಿದರೆ…”

“ನಮ್ಮದೂ ಓಣಿನೇ, ಲೆಕ್ತೋರ್ ಸಾಹೇಬ್ರೆ. ಮಳೆ ಬಂದ್ರೆ ಮೊಳಕಾಲು ಮಟ್ಟ ಕೆಸರು. ಹಾಗಾದ್ರೆ ನಾನು ಎಂಥವಳು, ನೀವೇ ಹೇಳಿ.”

ಮನೆಗೆ ಬಂದ ಮೇಲೆ ಬಹಳ ಒಳ್ಳೆಯ ಉತ್ತರ ಹೊಳೆಯಿತು. ಆಗ ಅವಳಿರಲಿಲ್ಲ.

ಫೆಬ್ರವರಿ 24

ಇಂದು ಏನಾಯಿತೆಂದು ಹೇಗೆ ಬರೆಯಲಿ. ಕೂತಲ್ಲಿ ಕೂರಲಾಗುತ್ತಿಲ್ಲ.

ಜೆಸ್ಸಿ ಕೆಲಸ ಮಾಡುವ ಬಟ್ಟೆ ಒಗೆಯುವ ಅಂಗಡಿಯಲ್ಲಿ ಮೇಸ್ತ್ರಿ ಅವಳ ಕೈ ತಿರುಚುವ ಪ್ರಸಂಗ. ಪುಸ್ತಕದಲ್ಲಿ ಅವಳು ತಲೆ ತಗ್ಗಿಸುತ್ತಾಳೆ. ಆ ಓಣಿಯಲ್ಲಿ ಬೆಳೆದವಳಿಗೆ ತಲೆಯೆತ್ತುವುದು ಗೊತ್ತೇ ಇರಲಿಲ್ಲವೆಂದು ಲೇಖಕ ಎರಡು ಪುಟ ವಿವರಿಸುತ್ತಾನೆ. ನಾನು “ಮೇಸ್ತ್ರಿ ಅವಳ ಕೈ ತಿರುಚಿದ” ಎಂದು ಓದಿದೊಡನೆ ಕೋಣೆಯಲ್ಲಿ ಒಂದು ಕೈಯೂ ಆಡಲಿಲ್ಲ. ಎಲೆ ಹಿಡಿದವರು ಹಿಡಿದಂತೆಯೇ ಇದ್ದರು. ಸೊಕೊರ್ರೊ ಕತ್ತಿಯನ್ನು ಮೇಜಿನಂಚಿನ ಆಚೆಗೆ ಹಿಡಿದು ನನ್ನನ್ನೇ ನೋಡುತ್ತಿದ್ದಳು.

ಆಗ ನನ್ನ ಬಾಯಿಂದ ತಾನೇ ಬಂತು: “ಜೆಸ್ಸಿ ಕಾದ ಇಸ್ತ್ರಿಪೆಟ್ಟಿಗೆಯನ್ನೆತ್ತಿ ಮೇಸ್ತ್ರಿಯ ಪೃಷ್ಠಕ್ಕೆ ಒತ್ತಿದಳು.”

ಆ ಸದ್ದು! ಕಾರ್ಖಾನೆಯಲ್ಲಿದ್ದಷ್ಟೂ ಕತ್ತಿಗಳು ಹಲಗೆಗಳ ಮೇಲೆ ಕುಣಿದವು. ಕೆಳಗಿನ ಮಹಡಿಯಲ್ಲಿ ಎಲೆಯ ನಾರು ತೆಗೆಯುವ ಹೆಂಗಸರು ಏನಾಯಿತೆಂದು ಮೆಟ್ಟಿಲು ಹತ್ತಿ ಬಂದರು. ಅವರಿಗಾಗಿ ಇನ್ನೊಮ್ಮೆ ಓದಬೇಕಾಯಿತು. ಎರಡನೆಯ ಸಲ ಇಸ್ತ್ರಿಪೆಟ್ಟಿಗೆಯನ್ನು ಸ್ವಲ್ಪ ಹೆಚ್ಚು ಹೊತ್ತು ಒತ್ತಿಸಿದೆ. ಸೊಕೊರ್ರೊ ಕೂಡ ಬಡಿದಳು, ನಗುತ್ತ ಬಡಿದಳು.

ಬರೀ ಒಂದು ಇಸ್ತ್ರಿಪೆಟ್ಟಿಗೆ. ಅದೂ ಅಂಗಡಿಯಲ್ಲಿ ಮೊದಲೇ ಇದ್ದದ್ದು. ನಾನು ತಂದು ಇಟ್ಟದ್ದಲ್ಲ.

ಫೆಬ್ರವರಿ 26

ಜೆಸ್ಸಿಯ ಅಪ್ಪ ಇಂದು ಕುಡಿತ ಬಿಟ್ಟ. ಪುಸ್ತಕದಲ್ಲಿ ಸಾಯುತ್ತಾನೆ. ಅನುವಾದದಲ್ಲಿ ಇಂಥ ಸಣ್ಣಪುಟ್ಟ ವ್ಯತ್ಯಾಸ ಸಹಜ.

ಮಾರ್ಚ್ 4

ಕಾಂದಿದಮ್ಮನ ಮನೆಯಲ್ಲಿ ಕಾಫಿ. ಹಾಲು ಸುರಿದ ದಪ್ಪ ಕಾಫಿಯಲ್ಲಿ ಬ್ರೆಡ್ಡನ್ನು ಅದ್ದಿ ಅದ್ದಿ ತಿನ್ನುವುದು. ಮೊದಲು ಅಸಹ್ಯವೆನಿಸುತ್ತಿತ್ತು, ಇಂದು ಅರ್ಧ ಗಜದ ಬ್ರೆಡ್ ಒಬ್ಬನೇ ಮುಗಿಸಿದೆ. ಕಾಲರನ್ನು ಮನೆಯಲ್ಲೇ ಮರೆತು ಬಂದಿದ್ದೆ. ಇತ್ತೀಚೆಗೆ ಮರೆವು ಜಾಸ್ತಿ. ಕಾಂದಿದಮ್ಮ ತನ್ನ ಪಾಲಿನ ಚುಟ್ಟಾಗಳಲ್ಲಿ ಒಂದನ್ನು ಕೊಟ್ಟಳು. ಬೇಡವೆಂದರೆ ಬೇಸರ ಪಟ್ಟುಕೊಳ್ಳುತ್ತಾಳೆಂದು ಸೇದಿದೆ. ಕೆಮ್ಮು ಬರಲಿಲ್ಲ.

ನಂತರ ಅವಳು ಗಂಭೀರವಾಗಿ ಕೇಳಿದಳು. “ಮಗಾ, ನಿನ್ನ ಮಾತು ಒಂದು ನಂಗೆ ತಲೇಲೇ ಕೂತ್ಬಿಟ್ಟಿದೆ. ಇರೋ ಜಾಗ ಮನುಷ್ಯನ್ನ ಮಾಡ್ತದೆ ಅಂದ್ಯಲ್ಲ?”

“ಅಂದೆ.”

“ಓಣಿ ಕೆಟ್ಟದ್ದು, ಅದಕ್ಕೆ ಜೆಸ್ಸಿ ಕೆಡ್ತಾಳೆ.”

“ಹೌದು.”

“ಹಾಗಾದ್ರೆ ಅವಳನ್ನ ಇಲ್ಲಿಗೆ ಕರ್ಕೊಂಡು ಬಂದ್ಬಿಡೋಣ.”

ಬಾಯಲ್ಲಿದ್ದ ಬ್ರೆಡ್ ಅಲ್ಲೇ ಉಳಿಯಿತು. ಅವಳು ಬೆರಳು ಮಡಿಚುತ್ತ ಹೇಳುತ್ತಲೇ ಹೋದಳು. ಶಿಕಾಗೊದಲ್ಲಿ ಚಳಿ, ಇಲ್ಲಿ ಬಿಸಿಲು. ಅಲ್ಲಿ ಹೊಗೆ, ಇಲ್ಲಿ ಎಲೆಯ ವಾಸನೆ, ಎದೆಗೆ ಒಳ್ಳೆಯದು. ಅಲ್ಲಿ ಆ ಮೇಸ್ತ್ರಿ, ಇಲ್ಲಿ ಬೊನಿಫಾಸಿಯೊ, ಅವನಿಗೆ ಕೈ ತಿರುಚುವ ಶಕ್ತಿಯೂ ಇಲ್ಲ. ತನ್ನ ಪಕ್ಕದ ಮೇಜು ಖಾಲಿಯಾಗಿದೆ, ಸುತ್ತುವುದನ್ನು ತಾನೇ ಕಲಿಸುತ್ತೇನೆ.

ಬೆಳಿಗ್ಗೆ ಹವಾನಾದ ಸುದ್ದಿ ಓದುವ ಬಾಯಿಯೇ ಮಧ್ಯಾಹ್ನ ಜೆಸ್ಸಿಯದನ್ನೂ ಓದುತ್ತದೆ. ಒಂದಕ್ಷರವೂ ಕಟ್ಟುಕತೆಯಲ್ಲವೆಂದು ಮೊದಲ ದಿನವೇ ಸಾರಿದವನೂ ನಾನೇ. ಅವಳು ನಂಬಿಬಿಟ್ಟಿದ್ದಾಳೆ. ಜೆಸ್ಸಿ ಎಂಬುವಳಿಲ್ಲ ಎಂದು ಹೇಳಲು ಬಾಯಿ ತೆರೆದೆ. “ನೋಡೋಣ ಕಾಂದಿದಮ್ಮ” ಎಂದು ಮುಚ್ಚಿದೆ.

ಮಾರ್ಚ್ 6

ಜೆಸ್ಸಿ ಬರುತ್ತಾಳೆಂದು ಇಡೀ ಕಾರ್ಖಾನೆಗೆ ಗೊತ್ತಾಗಿದೆ. ಆ ಮೇಜನ್ನು ಒರೆಸಿ, ಹಲಗೆ, ಕತ್ತಿ, ಅಂಟಿನ ಬಟ್ಟಲು ಇಟ್ಟಿದ್ದಾರೆ. ಬೇರೆ ಯಾರೂ ಕೂರುವಂತಿಲ್ಲ. ದೋನ್ ಬೊನಿಫಾಸಿಯೊ ಅಂಥ ದಡ್ಡರಲ್ಲ, ಅವರನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದೆ.

“ನಂಗೊತ್ತಿಲ್ವೇನೋ ಕಾದಂಬರಿ ಅಂತ? ನಾನು ಹುಟ್ಟಿದಾಗಿಂದ ಕಾದಂಬರಿ ಕೇಳ್ತಿದ್ದೀನಿ,” ಎಂದರು. ಆಮೇಲೆ ಮೀಸೆ ತಿರುವಿ ದನಿ ತಗ್ಗಿಸಿದರು. “ಆದ್ರೂ ಬರ್ತಾಳಾ?”

ಮಾರ್ಚ್ 10

ಜೆಸ್ಸಿ ರೈಲು ಹತ್ತಿದಳು. ಹತ್ತಿಸಿದವನು ನಾನು.

ಇನ್ನು ಪುಸ್ತಕವನ್ನು ತೆರೆದಿಟ್ಟುಕೊಳ್ಳುವುದು ಅಭ್ಯಾಸಕ್ಕೆ ಮಾತ್ರ. ಕಣ್ಣು ಅಕ್ಷರದ ಮೇಲಿರುತ್ತದೆ, ಬಾಯಿ ಎಲ್ಲಿಗೋ ಹೋಗುತ್ತದೆ. ಹೋದ ಕಡೆಯೆಲ್ಲ ಕತ್ತಿಗಳ ಟಕಟಕ. ದಾರಿಯಲ್ಲಿ ಅವಳಿಗೆ ಒಬ್ಬ ಅಡುಗೆಯವಳು ಸಿಕ್ಕಿದಳು, ಒಂದು ಓಡಿಹೋದ ಕತ್ತೆ ಸಿಕ್ಕಿತು, ಒಬ್ಬ ಸುಳ್ಳು ಪಾದ್ರಿ ಸಿಕ್ಕಿದ. ಕತ್ತೆಯ ಹೆಸರಿಗೆ ಮತ ಹಾಕಿದರು. ಸುಳ್ಳು ಪಾದ್ರಿಗೆ ಇನ್ನೂ ಒಂದು ವಾರ ಜೀವ ಕೊಡಿ ಎಂದು ನಾರು ತೆಗೆಯುವ ಹೆಂಗಸರ ಕೋರಿಕೆ ಬಂದಿದೆ.

ಬೆಳಗಿನ ಪತ್ರಿಕೆಯಲ್ಲಿ ಒಂದು ಸಪ್ಪೆ ಸುದ್ದಿಯಿತ್ತು. ಎಲೆ ತರುವ ಹಡಗು ಹವಾನಾದಲ್ಲೇ ಕೆಟ್ಟು ನಿಂತಿದೆಯಂತೆ. ಅಷ್ಟು ಚೆನ್ನಾಗಿದ್ದ ಬೆಳಗನ್ನು ಕೆಡಿಸಲು ಮನಸ್ಸು ಬರಲಿಲ್ಲ. “ಹಡಗು ಹೊರಟಿದೆ” ಎಂದು ಓದಿದೆ. ಹೇಗೂ ಇಂದಲ್ಲ ನಾಳೆ ಹೊರಡುವುದೇ ಅಲ್ಲವೆ.

ಮಾರ್ಚ್ 14, ಶನಿವಾರ

ತಲೆ ದಿಮ್ಮೆನ್ನುವಷ್ಟು ಖುಷಿ. ಕೆಲಸ ಮುಗಿದ ಮೇಲೆ ಸಂಘದ ಸಭಾಂಗಣದಲ್ಲಿ ಕುಣಿತವಿತ್ತು. ಸೊಕೊರ್ರೊ ಜೊತೆ ಮೂರು ಸಲ ಕುಣಿದೆ. ನನಗೆ ಕುಣಿಯಲು ಬರುವುದಿಲ್ಲ, ಆದರೂ ಕುಣಿದೆ. “ನೀನು ಬಂದಾಗ ಗರುಡಗಂಬ ನುಂಗ್ದೋನ ಥರ ನಿಲ್ತಿದ್ದೆ,” ಎಂದಳು. ಅವಳು ನೀವು ಬಿಟ್ಟು ನೀನು ಎಂದದ್ದು ಇದೇ ಮೊದಲು. ಅದನ್ನು ಗಮನಿಸುತ್ತ ಅವಳ ಕಾಲು ತುಳಿದುಬಿಟ್ಟೆ.

ದೋನ್ ಬೊನಿಫಾಸಿಯೊ ಜೊತೆ ಒಂದು ಅಂಕದ ಹುಂಜದಲ್ಲಿ ಪಾಲು ತೆಗೆದುಕೊಂಡಿದ್ದೇನೆ. ಕೇವಲ ಅಧ್ಯಯನಕ್ಕಾಗಿ. ಕೆಂಪು ಕತ್ತು, ಸಿಟ್ಟು ಮೂಗಿನ ಮೇಲೆ. ಪ್ರತಿದಿನ ಬೆಳಿಗ್ಗೆ ಅದರ ಕಾಲಿಗೆ ಎಣ್ಣೆ ಉಜ್ಜುವವನು ನಾನು.

ಮಾರ್ಚ್ 18

ಹಡಗು ಬರಲಿಲ್ಲ. ಎಲೆ ಸಾಲದೆ ಅರ್ಧ ಮೇಜುಗಳು ಖಾಲಿ, ಅರ್ಧ ಜನ ಮನೆಯಲ್ಲಿ. ಸಮುದ್ರದ ಮನಸ್ಸನ್ನು ಯಾರು ಬಲ್ಲರು. ಕೇಳುವವರು ಕಡಿಮೆಯಿದ್ದುದರಿಂದ ಜೆಸ್ಸಿಯ ರೈಲನ್ನು ಸ್ವಲ್ಪ ನಿಧಾನಿಸಿದ್ದೇನೆ. ಎಲ್ಲರೂ ಬಂದ ಮೇಲೆಯೇ ಅವಳು ಇಳಿಯಲಿ.

ಕಚೇರಿಯ ಹೊಸ ಗುಮಾಸ್ತನೊಬ್ಬ ಬಂದು ಕಿಟಕಿ ತೆಗೆದ. ನನಗೆ ಎಲ್ಲಿತ್ತೋ ಕೋಪ, ಪೀಠದಿಂದಲೇ ಗದರಿಸಿದೆ. “ಎಲೆ ಒಣಗಿದ್ರೆ ನಿಮ್ಮಪ್ಪ ಸುತ್ತುತಾನಾ ಅದನ್ನ?” ಎಂಥ ಜನ, ಒಂದು ಜಾಗಕ್ಕೆ ಬಂದ ಮೇಲೆ ಅಲ್ಲಿಯ ರೀತಿ ತಿಳಿಯಬಾರದೆ.

ಮಾರ್ಚ್ 23, ಸೋಮವಾರ

ಬರೆಯಲು ಇಷ್ಟವಿಲ್ಲ. ಬರೆಯುತ್ತೇನೆ.

ಎಲೆ ಬಂತು, ಎಲ್ಲರೂ ಬಂದಿದ್ದರು. ಇಂದು ಜೆಸ್ಸಿ ತಾಂಪಾ ನಿಲ್ದಾಣದಲ್ಲಿ ಇಳಿಯುವ ದಿನ. ಕಾಂದಿದಮ್ಮ ಒಗೆದ ರವಿಕೆ ಹಾಕಿಕೊಂಡು ಬಂದಿದ್ದಳು. ನಾನು ರೈಲಿನ ಸಿಳ್ಳೆ ಹಾಕುವಷ್ಟರಲ್ಲಿ ಸೊಕೊರ್ರೊ ಎದ್ದು ನಿಂತಳು.

“ಪುಟ ತಿರುವು.”

“ಏನು?”

“ಎರಡು ವಾರದಿಂದ ನೋಡ್ತಿದ್ದೀನಿ. ನೀನು ಪುಟ ತಿರುವಿಲ್ಲ. ಒಂದೇ ಪುಟದಲ್ಲಿ ಶಿಕಾಗೊದಿಂದ ತಾಂಪಾವರೆಗೂ ರೈಲು ಬಂತಾ?”

ಅವಳು ಪೀಠದ ಮೆಟ್ಟಿಲು ಹತ್ತಿ ಪುಸ್ತಕಕ್ಕೆ ಕೈ ಚಾಚಿದಳು. ಇಂಗ್ಲಿಷ್ ಬಲ್ಲವಳು. ನಾನು ಕೊಟ್ಟೆ. ಕೊನೆಯ ಅಧ್ಯಾಯ ತೆಗೆದು ನಿಂತಲ್ಲೇ ಓದಿಕೊಂಡಳು. ಮುಖದಲ್ಲಿ ಬಣ್ಣವೇ ಉಳಿಯಲಿಲ್ಲ. ಮುಚ್ಚಿ ನನ್ನ ಕೈಗೆ ಕೊಟ್ಟು ಮೆಲ್ಲಗೆ ಹೇಳಿದಳು: “ಇದನ್ನ ಓದು. ಇರೋ ಹಾಗೆ.”

ದೋನ್ ಬೊನಿಫಾಸಿಯೊ ತಲೆಯಾಡಿಸಿದರು. ನಾನು ಓದಿದೆ. ಡಿಸೆಂಬರ್ ತಿಂಗಳು, ನದಿಯ ಸೇತುವೆ, ಜೆಸ್ಸಿಯ ಕಾಲಲ್ಲಿ ಹರಿದ ಬೂಟು. ಬೆಳಿಗ್ಗೆ ದೋಣಿಯವರು ಅವಳನ್ನು ಮೇಲೆತ್ತುತ್ತಾರೆ. ಅಷ್ಟೇ ಇದೆ. ಅಲ್ಪವಿರಾಮವನ್ನೂ ಬಿಡದೆ ಓದಿದೆ. ಚೆನ್ನಾಗಿ ಬರೆದಿದ್ದಾನೆ ಪಾಪಿ.

ಯಾರೂ ಬಡಿಯಲಿಲ್ಲ, ಯಾರೂ ಬೀಳಿಸಲಿಲ್ಲ. ಕಾಂದಿದಮ್ಮ ಕೆನ್ನೆ ಒರೆಸಿಕೊಂಡು ಹೇಳಿದಳು. “ಯಾರೂ ಕರೀಲಿಲ್ವಲ್ಲ ಅವಳನ್ನ.”

ನನಗೆ ಆಗಲೂ ಬುದ್ಧಿ ಬರಲಿಲ್ಲ. ನಾನು ಕರೆದಿದ್ದೆನಲ್ಲ, ಬದುಕಿಸಿದ್ದೆನಲ್ಲ, ನಿಮಗೂ ಅದೇ ಬೇಕಿತ್ತಲ್ಲ ಎಂದೆ.

“ಬೇಕಿತ್ತು,” ಎಂದಳು ಸೊಕೊರ್ರೊ. “ಮಧ್ಯಾಹ್ನ ಜೆಸ್ಸಿನ ಬದಲಾಯಿಸ್ದೆ. ಸರಿ. ಬೆಳಿಗ್ಗೆ ಏನೇನು ಬದಲಾಯಿಸ್ದೆ?”

ಸುಳ್ಳು ಹೇಳಬಹುದಿತ್ತು. ಅವಳು ನೋಡುತ್ತಿದ್ದ ರೀತಿಗೆ ಹೇಳಲಾಗಲಿಲ್ಲ. “ಹಡಗು,” ಎಂದೆ.

ಕೋಣೆಯಲ್ಲಿ ಗುಜುಗುಜು ಎದ್ದಿತು. ಹಡಗು ಕೆಟ್ಟಿದೆಯೆಂದು ತಿಳಿದಿದ್ದರೆ ಅರ್ಧ ಜನ ಹೊಳೆಯಾಚೆಯ ಕಾರ್ಖಾನೆಗೆ ಹೋಗುತ್ತಿದ್ದರು, ಅಲ್ಲಿ ಕೈ ಬೇಕೆಂದು ಕರೆದಿದ್ದರಂತೆ. ನನ್ನ ಮಾತು ನಂಬಿ ಹೋಗಲಿಲ್ಲ. ಒಂದು ವಾರ ಒಲೆ ಹಚ್ಚಲು ಕಷ್ಟಪಟ್ಟರು. ಅದು ನನಗೆ ಗೊತ್ತಿರಲಿಲ್ಲ ಎಂದೆ.

ದೋನ್ ಬೊನಿಫಾಸಿಯೊ ಎದ್ದರು. “ಪುಸ್ತಕ ಮುಗೀತು. ಪದ್ಧತಿ ಪ್ರಕಾರ ಕೇಳ್ತೀನಿ. ಇವನು ಪೀಠದಲ್ಲಿ ಇರ್ಲಾ?”

ಒಂದು ಕತ್ತಿ ನೆಲಕ್ಕೆ ಬಿತ್ತು. ಇನ್ನೊಂದು. ಆಮೇಲೆ ಸಾಲು ಸಾಲಾಗಿ. ಕಾಂದಿದಮ್ಮ ಮಾತ್ರ ಬೀಳಿಸಲಿಲ್ಲ. ಕಷ್ಟಪಟ್ಟು ಬಗ್ಗಿ, ಸದ್ದಾಗದಂತೆ ಕತ್ತಿಯನ್ನು ನೆಲದ ಮೇಲೆ ಇಟ್ಟಳು. ಅದನ್ನು ನೋಡಲಾಗಲಿಲ್ಲ ನನಗೆ.

ಮಾರ್ಚ್ 24

ದಿನವಿಡೀ ಅತ್ತೆ.

ಮಾರ್ಚ್ 25

ಪೆಟ್ಟಿಗೆ ಕಟ್ಟಿದೆ. ಮಾತಾನ್ಸಾಸ್‌ಗೆ ಹೋಗಿ ಅಪ್ಪನ ಶಾಲೆಯಲ್ಲಿ ಮಗ್ಗಿ ಹೇಳಿಕೊಡುವುದೆಂದು ತೀರ್ಮಾನಿಸಿದೆ. ಪೆಟ್ಟಿಗೆ ಹೊತ್ತುಕೊಂಡೇ ಹುಂಜವನ್ನು ದೋನ್ ಬೊನಿಫಾಸಿಯೊಗೆ ಒಪ್ಪಿಸಲು ಹೋದರೆ ಅಲ್ಲಿ ಕಾಂದಿದಮ್ಮ ಕೂತಿದ್ದಳು.

“ಪೆಟ್ಟಿಗೆ ಯಾಕೆ?”

“ಊರಿಗೆ.”

“ಪೀಠ ಬೇಡ ಅಂದ್ವಿ. ನೀನು ಬೇಡ ಅಂತ ಯಾರಂದ್ರು?” ಚುಟ್ಟಾದ ಬೂದಿ ಕೊಡವಿದಳು. “ಜೆಸ್ಸಿ ಮೇಜು ಖಾಲಿ ಇದೆ. ಅವಳಂತೂ ಇನ್ನು ಬರೋದಿಲ್ಲ. ಬಂದು ಕೂತ್ಕೋ, ಸುತ್ತೋದು ಹೇಳಿಕೊಡ್ತೀನಿ. ಮೊದಲ ಆರು ತಿಂಗಳು ನೀನು ಸುತ್ತಿದ್ದನ್ನ ಕತ್ತೇನೂ ಸೇದಲ್ಲ.”

ಪೆಟ್ಟಿಗೆ ಬಿಚ್ಚುತ್ತಿದ್ದೇನೆ. ಅಂಗಿಗಳ ನಡುವೆ ನಾಲ್ಕು ಕಾಲರು ಸಿಕ್ಕವು. ಯಾವುದಕ್ಕೆ ತಂದಿದ್ದೆನೋ ನೆನಪಾಗಲಿಲ್ಲ. ಹುಂಜದ ಬುಟ್ಟಿಗೆ ಹಾಸಿದೆ.

ಏಪ್ರಿಲ್ 8

ಬೆರಳೆಲ್ಲ ಅಂಟು. ಇಂದು ಸುತ್ತಿದ ಚುಟ್ಟಾಗಳಲ್ಲಿ ಒಂದು ನೆಟ್ಟಗೆ ನಿಂತಿತು. ಸಾಲಿನವರೆಲ್ಲ ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಮೂರನೆಯ ಸಾಲಿಗೂ ಹೋಗಿ ಬಂತು. ಸೊಕೊರ್ರೊ ಮೂಸಿ ನೋಡಿ ದಾಟಿಸಿದಳು.

ಹೊಸ ಲೆಕ್ತೋರ್ ಬಂದಿದ್ದಾನೆ. ಹವಾನಾದವನು, ಪಾಪ, ಬಹಳ ಕೆಮ್ಮುತ್ತಾನೆ. ಓದು ಸಪ್ಪೆ, ಆದರೆ ಇದ್ದದ್ದನ್ನು ಇದ್ದಂತೆ ಓದುತ್ತಾನೆ, ಪುಟ ತಿರುವುತ್ತಾನೆ, ಅದನ್ನು ನಾವೆಲ್ಲ ನೋಡುತ್ತಿರುತ್ತೇವೆ. ಅವನೂ ಮನುಷ್ಯನನ್ನು ಅವನ ಪರಿಸರವೇ ರೂಪಿಸುತ್ತದೆ ಎಂಬ ಭಾಷಣ ಶುರು ಮಾಡಿದ. ನಾನು ಗಟ್ಟಿಯಾಗಿ ಆಕಳಿಸಿದೆ. ಇದೆಲ್ಲ ಹೊರಗಿನಿಂದ ಬಂದವರ ಮಾತು. ನನ್ನನ್ನೇ ನೋಡಿ, ಎರಡು ತಿಂಗಳಿಂದ ಇಲ್ಲಿದ್ದೇನೆ, ಒಂದು ಕೂದಲೂ ಬದಲಾಗಿಲ್ಲ.

ಭಾನುವಾರ ನಮ್ಮ ಹುಂಜ ಗೆದ್ದಿತು. ಕಿರುಚಿ ಕಿರುಚಿ ಗಂಟಲು ಕೂತಿದೆ.

ಏಪ್ರಿಲ್ 17, ಶುಕ್ರವಾರ

ಊಟದ ಬಿಡುವಿನಲ್ಲಿ ಅಂಗಳದ ಓಕ್ ಮರದಡಿ ಕೂತಿದ್ದೆವು. ಕಡಲೆ ಸಾರು, ಬ್ರೆಡ್ಡು, ಮೇಲೊಂದು ಚುಟ್ಟಾ. ಹೊಸ ಲೆಕ್ತೋರನ ಕಾದಂಬರಿಯಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ಸಾಯುತ್ತಿದ್ದಾರೆ, ಜನಕ್ಕೆ ಬೇಸರ. ಕಾಂದಿದಮ್ಮ ಮೊಣಕೈಯಿಂದ ತಿವಿದು “ಏನಾದ್ರೂ ಹೇಳೋ” ಎಂದಳು. ಇಲ್ಲ ಎಂದೆ. ಇನ್ನೂ ಇಬ್ಬರು ತಿವಿದರು.

ಸುಮ್ಮನೆ ಆಟಕ್ಕೆಂಬಂತೆ ಶುರು ಮಾಡಿದೆ. ಒಂದು ಊರಲ್ಲಿ ಒಬ್ಬ ವಿಧವೆ, ಅವಳಿಗೆ ಒಂದು ಹುಂಜ, ಆ ಹುಂಜ ಅಂಕದಲ್ಲಿ ಕಾದುವ ಬದಲು ಎದುರಾಳಿಯ ಜೊತೆ ಸ್ನೇಹ ಮಾಡಿಕೊಂಡುಬಿಡುತ್ತದೆ. ಅಷ್ಟಕ್ಕೇ ನಗು. ಬೇರೆ ಮರದಡಿ ಕೂತಿದ್ದವರು ತಟ್ಟೆ ಎತ್ತಿಕೊಂಡು ಇತ್ತ ಬಂದರು. ಹೊಸ ಲೆಕ್ತೋರ್ ಕೂಡ ಕೆಮ್ಮುತ್ತ ಬಂದು ಹಿಂದೆ ನಿಂತ. ನನ್ನ ಕೈಯಲ್ಲಿ ಪುಸ್ತಕವಿರಲಿಲ್ಲ, ಮುಂದೇನೆಂದು ನನಗೇ ಗೊತ್ತಿರಲಿಲ್ಲ.

ಆಗ ಗುಂಪಿನಂಚಿನಿಂದ ಸೊಕೊರ್ರೊಳ ದನಿ ಬಂತು. ಇಪ್ಪತ್ತು ದಿನಕ್ಕಿಂತ ಹೆಚ್ಚಾಗಿತ್ತು ಅವಳು ನನ್ನ ಜೊತೆ ಮಾತಾಡಿ.

“ಇದು ಬರ್ದಿರೋದಾ, ನಿಂದಾ?”

“ನಂದೇ,” ಎಂದೆ. “ಪೂರ್ತಿ ಸುಳ್ಳು.”

ಅವಳು ಮುಂದೆ ಬಂದು, ಕಾಂದಿದಮ್ಮನನ್ನು ಸ್ವಲ್ಪ ಆಚೆ ಸರಿಸಿ, ನನ್ನ ಎದುರಿಗೆ ನೆಲದ ಮೇಲೆ ಕೂತಳು.

“ಹಾಗಾದ್ರೆ ಸರಿ. ಹೇಳು.”